ವೇಬಿಲ್ ಇಲ್ಲದ ಟ್ರಿಪ್ಪು

ಅಕ್ಕಲಕೋಟೆ ಬಿಟ್ಟದ್ದು ಆರೂ ಹತ್ತಕ್ಕೆ.
ಹೊತ್ತು ಬರೆದುಕೊಳ್ಳಲು ಕೈ ಕಿಸೆಗೆ ಹೋಯಿತು,
ಪೆನ್ನಿತ್ತು, ಹಾಳೆಯಿರಲಿಲ್ಲ.

ಲಾಲಸಾಬ ಗೇರು ಹಾಕಿದ, ಬಿಡಲಿಲ್ಲ.
ಕನ್ನಡಿಯೊಳಗಿಂದ ನನ್ನನ್ನೇ ನೋಡಿದ.
ಮೂವತ್ತೊಂದು ವರ್ಷ ಎರಡು ಗಂಟೆ ಕೇಳದೆ
ಕ್ಲಚ್ಚಿನಿಂದ ಕಾಲೆತ್ತಿದ ಮನುಷ್ಯನಲ್ಲ.
ಹಗ್ಗವಿಲ್ಲ, ಗಂಟೆಯಿಲ್ಲ,
ತಗಡಿನ ಗೋಡೆಗೆ ಬೆರಳ ಗೆಣ್ಣಿಂದ
ಟಕ್ ಟಕ್.
ಗಾಡಿ ಹೊರಟಿತು.

ಇದು ಮೊದಲು ಕಣ್ಣಿನ ಶಿಬಿರದ ಗಾಡಿ.
ಹರಾಜಿನಲ್ಲಿ ಹಿಡಿದದ್ದು; ಅರ್ಧ ನನ್ನ ಗ್ರ್ಯಾಚುಯಿಟಿ,
ಅರ್ಧ ಅವನ ಹೆಂಡತಿ ಮಹಬೂಬಿಯ ಎರಡೆಮ್ಮೆ.
(ಅವಳಿನ್ನೂ ಮಾತಾಡಿಲ್ಲ.)
ಡಾಕ್ಟರ ಮೇಜಿದ್ದಲ್ಲಿ ಸ್ಟೋವು, ರೋಗಿಗಳ ಬೆಂಚು ಈಗ ಮಂಚ,
ನೀಲಿ ಡ್ರಮ್ಮಿನಲ್ಲಿ ನೀರು, ಒಂದು ಡಬ್ಬಿ ಶೇಂಗಾ ಚಟ್ನಿ,
ಧೋತರದಲ್ಲಿ ಸುತ್ತಿದ ಇಪ್ಪತ್ತೆಂಟು ಖಡಕ್ ರೊಟ್ಟಿ.
ಅಕ್ಷರದ ಪಟ ಮಾತ್ರ ಗೋಡೆ ಬಿಡಲಿಲ್ಲ,
ಮೇಲೆ ಅಂಗೈ ಅಗಲದೊಂದು ಮರಾಠಿ 'ಗ',
ಇಳಿಯುತ್ತ ಇಳಿಯುತ್ತ
ಕೊನೆಯ ಸಾಲು ಇರುವೆ.

'ವಳಸಂಗ ಯಾರ್ರೀ ಇಳಿಯೋರು', ಬಾಯಿಗೆ ಬಂತು, ನುಂಗಿದೆ.
ಕುಂಭಾರಿಯಲ್ಲಿ ಬುಟ್ಟಿ ಹೊತ್ತವಳೊಬ್ಬಳು ಕೈ ಮಾಡಿದಳು,
ಲಾಲಸಾಬನ ಕಾಲು ತಾನೇ ಬ್ರೇಕಿಗೆ ಹೋಯಿತು.
ಹತ್ತಿದಳು, ಬೆಂಚಿಗೆ ಕೂತಳು, ಪಟ ನೋಡಿದಳು.
'ನಮ್ಮತ್ತಿಗಿ ಇದರಾಗ ಪರದೆ ತೆಗದ್ರಿ.
ಆಮ್ಯಾಗ ನನ್ನ ಅಡಗಿಯೊಳಗ ಕೂದಲ ಹುಡಕಾಕ ಹತ್ತಿದ್ಲು.'
ಸೊಲ್ಲಾಪುರದ ನಾಕಾದಲ್ಲಿ ಇಳಿದು ಇಪ್ಪತ್ತರ ನೋಟು ಚಾಚಿದಳು.
ಬೇಡವೆಂದೆ. ಸಿಟ್ಟಾದಳು.
ನಾಕು ಟೊಮೆಟೊ ಇಟ್ಟು ಹೋದಳು.

ಸೊಲ್ಲಾಪುರ ಸ್ಟ್ಯಾಂಡು.
ನಮ್ಮ ಭೂಮಿ ಇಲ್ಲಿಗೆ ಮುಗಿಯುತ್ತಿತ್ತು.
ಮೂವತ್ತೆಂಟು ಕಿಲೋಮೀಟರು ಬರುವುದು, ಚಹಾ,
ಬೋರ್ಡು ತಿರುಗಿಸುವುದು, ಮೂವತ್ತೆಂಟು ಹೋಗುವುದು.
'ಆ ರಸ್ತೆದ ಗುಂಡಿ ಎಲ್ಲಾ ನನ್ನ ಬೆನ್ನಾಗ ಅವ,
ಒಂದೊಂದು ಮಣಿಗೆ ಒಂದೊಂದು' ಅನ್ನುತ್ತ
ಲಾಲಸಾಬ ಸ್ಟ್ಯಾಂಡು ದಾಟಿಸಿದ.
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು,
ಟಿಕೇಟಿಲ್ಲದೆ ಸಿಕ್ಕಿಬಿದ್ದವರ ಹಾಗೆ.

ಬಾರ್ಶಿ ರಸ್ತೆ. ಕಾರಂಬಾ ದಾಟಿದ ಮೇಲೆ
ಮರ ಗಿಡ್ಡಾದವು, ಆಮೇಲೆ ಇಲ್ಲವಾದವು.
ಜೋಳದ ಕೂಳೆ. ಅದೂ ಮುಗಿದು ಬರೀ ಹುಲ್ಲು,
ಮುದಿ ನಾಯಿಯ ಮೈಬಣ್ಣದ್ದು.
ಇದ್ದದ್ದೊಂದೇ ನೆರಳು ನಮ್ಮದು,
ಅದೂ ಗಾಡಿಯ ಹೊಟ್ಟೆಯಡಿ ಹೊಕ್ಕು ಕೂತಿತ್ತು.
'ಮರಳುಗಾಡಂದ್ರ ಒಂಟಿ ಇರತಾವ ಅಂದ್ಕೊಂಡಿದ್ನೆಲೋ.'
ಒಂಟೆಯಿಲ್ಲ, ಮರಳೂ ಇಲ್ಲ.
ನಾನ್ನಜದಲ್ಲಿ ಒಂದು ಗೇಟು, ಬಣ್ಣ ಹೋದ ಹಕ್ಕಿಯ ಚಿತ್ರ,
ವಾಘಮೋಡೆ ಎಂಬ ಕಾವಲುಗಾರ.

'ಮಾಳಢೋಕ?' ನಕ್ಕುಬಿಟ್ಟ. 'ದಿಸತ ನಾಹೀ ಆತಾ.'
ಮೂರು ಮಳೆಗಾಲ ಆಯಿತಂತೆ, ಅವನಿಗೂ ಕಂಡಿಲ್ಲ.
ನಮ್ಮವ್ವ ಅದಕ್ಕೆ ಎರೆಭೂತ ಅನ್ನುತ್ತಿದ್ದಳು.
ಎರೆಹೊಲದ ನಟ್ಟನಡು ನಿಂತಿರತದ,
ಹತ್ತರ ಹೋದ್ರ ಇರೂದಿಲ್ಲ.

ಅಟ್ಟಣೆಯ ಮೇಲೆ ಸಂಜೆತನಕ ಕೂತೆವು.
ಚಿಗರಿ ಮೂರು, ಒಂದು ಕುಂಟು.
ಆಮೇಲೆ ದೂರ, ಹುಲ್ಲೂ ಆಕಾಶವೂ ಕುದಿಯುವ ಗೆರೆಯಲ್ಲಿ
ಏನೋ ನಿಂತಿತ್ತು,
ಸೊಂಟದೆತ್ತರ, ಕತ್ತು ಉದ್ದ.
ಅಥವಾ ಕಲ್ಲು, ಮೇಲೆ ಜಾಲಿಯ ಟೊಂಗೆ.
'ಮ್ಯಾಲಿನ ಸಾಲು ಓದಾಕ ಬರತದ' ಅಂದ ಲಾಲಸಾಬ ಕಣ್ಣು ಕಿರಿದು ಮಾಡಿ,
'ಕೆಳಗಿಂದು ನೀ ಓದು.'
ಚಸಮಾ ತೆಗೆದೆ, ಒರೆಸಿದೆ, ಹಾಕಿದೆ.
ಅಷ್ಟರಲ್ಲಿ ಹೊತ್ತು ಮುಳುಗಿತು.

ಸ್ಟೋವಿನ ಮೇಲೆ ನಾಕು ಟೊಮೆಟೊ ಸಿಡಿಯುತ್ತಿದ್ದಾಗ
ಮಹಬೂಬಿಯ ಫೋನು.
ಹಕ್ಕಿ ಕಂಡಿತೇನು ಅಂತ ಕೇಳಲಿಲ್ಲ.
'ನನ್ನ ಎಮ್ಮಿ ಇವತ್ತ ಎಷ್ಟ ಕಿಲೋಮೀಟರ ಓಡಿದ್ವು?'
'ಲೆಕ್ಕ ಕಂಡಕ್ಟರಂದು' ಅಂತ ಲಾಲಸಾಬ
ಫೋನು ನನ್ನ ಕೈಗೆ ದಾಟಿಸಿದ.

ಅರವತ್ತು, ಅಂದೆ.
ಚಿಲ್ಲರೆ ಬಿಟ್ಟು.